ನಳ ಬಂದ ರಾತ್ರಿ

ಗುಳೇದಗುಡ್ಡದಾಗ ನಳ ಬರೋದು ಎಂಟು ದಿನಕ್ಕೊಮ್ಮೆ,
ಅದೂ ರಾತ್ರಿ ಎರಡಕ್ಕ,
ಕರ್ತನ ದಿನದಂಗ, ಕಳ್ಳನಂಗ.
ಮೊದಲು ಗಾಳಿ ಕೆಮ್ಮತೈತಿ,
ಆಮ್ಯಾಲ ಕೆಂಪು ನೀರು,
ಆಮ್ಯಾಲ ನನ್ನ ಬಾಯಿ.

ಪುರಸಭೆಗೆ ಬೈದೆ. ವಾಲ್ ತಿರುವೋ ಹುಡುಗಗ ಬೈದೆ.
ಮಗ್ಗಲು ಬದಲಿಸಿ ಮಲಗಿದ ಗಂಡ ಎಲೀಷಗ,
ಸೀಳಿದ ಪೈಪಿಗೆ, ಪೈಪಿಗೆ ಸುತ್ತಿದ ಸೈಕಲ್ ಟ್ಯೂಬಿಗೆ.
ಕೊಡ ತುಂಬೋ ಸಪ್ಪಳಕ್ಕ
ನನ್ನ ಬೈಗಳ ತಾಳ ತಪ್ಪತಿರಲಿಲ್ಲ.

ಗ್ವಾಡಿ ಆಚೆ ಎಸ್ತೇರವ್ವ.
ಎಪ್ಪತ್ತರ ಮುದುಕಿ, ಎಲ್ಲಾಕೂ ಸ್ತೋತ್ರ ಅನ್ನಾಕಿ.
ಹಾಲು ಒಡೀತು? ಸ್ತೋತ್ರ, ಬೆಲ್ಲ ಹಾಕಿ ತಿಂದರಾತು.
ಕರೆಂಟ್ ಹೋತು? ಸ್ತೋತ್ರ, ಮಗ್ಗ ನಿಂತು ಬೆನ್ನು ನೆಟ್ಟಗಾತು.
ಹಲ್ಲಿನ ಸಂದ್ಯಾಗ ಸಿಕ್ಕ ಶೇಂಗಾ ಸಿಪ್ಪಿಯಂಗ
ಚುಚ್ಚತಿತ್ತು ನನಗ ಆ ಮಾತು.

ಹೊಸ ಅಯ್ಯನವರೂ ಅಷ್ಟ, ಮಂಗಳೂರ ಕಡೆಯವರು:
"ಬದುಕು ಒಂದು ನೇಯ್ಗೆ. ನಮಗೆ ಕಾಣುವುದು ಹಿಂಬದಿ,
ಬರೀ ಗಂಟು, ಬರೀ ಸಿಕ್ಕು.
ಮುಂಬದಿಯ ಚೆಲುವು ದೇವರಿಗೇ ಗೊತ್ತು."
ಇಪ್ಪತ್ತಾರು ವರ್ಷ ಖಣ ನೇಯ್ದಾಕಿಗೆ
ನೇಯ್ಗಿ ಕತಿ ಹೇಳಬ್ಯಾಡ್ರಿ, ಅಯ್ಯನವರ.
ಹಿಂಬದಿ ಗಂಟು ಕಂಡರ
ನಮ್ಮ ಮಾಲಕ ಕೂಲಿ ಕಡೀತಾನ.

ಆವತ್ತು ಗ್ವಾಡಿ ಆಚೆ ಕೊಡದ ಸಪ್ಪಳಿಲ್ಲ.
ಬಚ್ಚಲದಾಗ ಬಿದ್ದು ಬಲಗೈ ಮುರಕೊಂಡಿದ್ಲು,
ಬಾಗಲಕೋಟಿಗೆ ಹೋಗಿ ಕಟ್ಟು ಹಾಕಿಸಿದ್ವಿ.
ನೆನಪಾಗಿ ಕಿವಿಗೊಟ್ಟೆ.
ಹಾಡು ಕೇಳೀತು ಅಂದುಕೊಂಡಿದ್ದೆ.

"ಒಂದ ಕೈ ಉಳಿಸೀಯಲ್ಲ, ಅದೂ ಎಡಗೈ!
ಕೊಡ ಎತ್ತಲೋ, ನಿನ್ನ ಪಾದ ಹಿಡೀಲೋ?
ಮ್ಯಾಲ ಕುಂತಾಂವಗ ಕಣ್ಣ ಅದಾವೋ,
ಇಲ್ಲ ನೀನೂ ಹೊರಳಿ ಮಲಗೀಯೋ?"

ಪೈಪು ನನ್ನ ಕೈಯಾಗ, ನೀರು ಕಾಲ ಮ್ಯಾಲ.
ಇಷ್ಟು ವರ್ಷ ಕೇಳಿದ ಸ್ತೋತ್ರದ ಹಿಂಬದಿ
ಕತ್ತಲದಾಗ ಮೊದಲ ಸಲ ಕಂಡೆ.
ಏನು ಗಂಟು, ಏನು ಸಿಕ್ಕು!

ಗ್ವಾಡಿ ಮ್ಯಾಲಿಂದ ಪೈಪು ಇಳಿಬಿಟ್ಟು ಅಕಿ ಹಂಡೆ ತುಂಬಿದೆ.
"ಕೇಳಿದೇನ?" ಅಂದ್ಲು.
"ಹೂಂ."
ನಾಚಲಿಲ್ಲ ಮುದುಕಿ. ಸೆರಗಿಲೆ ಮೂಗು ಒರಸಿಕೊಂಡು,
"ಕೆಂಪು ನೀರು ಕೊಡಕ್ಕ ಹಿಡಿತೀಯೇನ?
ಹರೀಲಿ ಅಂತ ಬಿಡ್ತಿ. ತಿಳಿ ಬಂದ ಮ್ಯಾಲ ಕೊಡ ಒಡ್ಡತಿ.
ನಾನೂ ಹಂಗ. ದಿನಾ ಬೈತೀನಿ ಅವಗ,
ಅವಗಷ್ಟ. ಅಂವ ತಡಕೋತಾನ.
ನೀನು ಕೆಂಪು ನೀರು ಮನಿಮಂದಿಗೆ ಕುಡಸ್ತಿ."

ಮಾತು ಚುಚ್ಚಿತು. ಸಿಪ್ಪಿಗಿಂತ ಜೋರ ಚುಚ್ಚಿತು.
ನೀರು ತುಂಬಿಸಿದ್ದಕ್ಕ ಇದೇನು ಬಹುಮಾನ ಅಂತ
ಬಾಗಲ ದಡ್ ಅಂತ ಹಾಕಿ ಮಲಗಿದೆ.

ಮುಂಜಾನಿ ಎಲೀಷ ರೊಟ್ಟಿ ಮುಂದ ಕುಂತ.
ಪುಂಡಿಪಲ್ಯ, ಹಸಿ ಉಳ್ಳಾಗಡ್ಡಿ.
ಪ್ರಾರ್ಥನಿ ಮುಗಿಸಿ ಆಮೆನ್ ಅನ್ನೂದರಾಗ
ನನ್ನ ಬಾಯಿ ಸುರು ಆತು:
"ರಾತ್ರಿ ಎದ್ದು ಒಂದ ಒಂದು ಕೊಡ..."
ಅಲ್ಲೇ ನಿಂತೆ.

ಅಂವ ತುತ್ತು ಕೈಯಾಗ ಹಿಡಿದು ತಲಿ ತಗ್ಗಿಸಿದ್ದ,
ಉಳಿದ ಅರ್ಧ ಮಾತು ಬೀಳೂತನಕ
ಹೆಗಲು ಬಿಗಿ ಮಾಡಿ ಕಾಯತಿದ್ದ.
ರೂಢಿ ಆದವರು ಕಾಯೂವಂಗ.
ಆ ಹೆಗಲು ನಾನು ನೋಡಿರಲಿಲ್ಲ.
ದಿನಾ ನನ್ನ ಕಣ್ಣು ರೊಟ್ಟಿ ಮ್ಯಾಲ ಇರತಿತ್ತು.

ಹಿತ್ತಲಕ್ಕ ಹೋದೆ. ಕರಿಬೇವಿನ ಗಿಡದ ಬುಡಕ ನಿಂತು
ಉಳಿದರ್ಧ ಮಾತು ಹೇಳಬೇಕಾದವಗ ಹೇಳಿದೆ,
ಜೋರಾಗೇ ಹೇಳಿದೆ, ಕೋಳಿ ಓಡಿದವು.
ತಿರುಗಿ ಬಂದು ಅಂದೆ:
"ಕೊಡ ಎಲ್ಲಾ ತುಂಬ್ಯಾವ. ಹೊಟ್ಟಿ ತುಂಬ ಉಣ್ಣು."

ಅದಕ್ಕ ಸ್ತೋತ್ರ ಅನ್ನಾಕ ಬರೂದಿಲ್ಲ ಇನ್ನ.
ಅಂವಾ ತಲಿ ಎತ್ತಿ ನೋಡಿದ, ಮನಿ ತಪ್ಪಿ ಬಂದವನಂಗ.
ಇನ್ನೊಂದು ರೊಟ್ಟಿ ಕೇಳಿದ.

ಗ್ವಾಡಿ ಆಚೆಯಿಂದ ಕೆಮ್ಮಿದ ಸಪ್ಪಳ.
ಮುದುಕಿ ಎಲ್ಲಾ ಕೇಳಿಸ್ಕೊಂಡಾಳ.
ಸ್ತೋತ್ರ ಅಂತ ಒದರತಾಳ ಈಗ,
ಒದರಲಿ.
ಮುಂದಿನ ನಳಕ್ಕ ಇನ್ನೂ ಏಳು ದಿನ ಐತಿ.